ಮನೆಯ ಮೀನಿನ ತೊಟ್ಟಿ: ನೀರು ಬದಲಿಸುವ ಬಗ್ಗೆ ಕಲಬುರಗಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಮನೆಯೊಳಗೆ ಮೀನು ಸಾಕುವವರಿಗೆ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ನೀರಿನಿಂದಲೇ ಬರುತ್ತವೆ. ನಲ್ಲಿ ನೀರು ಬರುವ ದಿನ ಬೇರೆ, ತೊಟ್ಟಿಗೆ ನೀರು ಬೇಕಾಗುವ ದಿನ ಬೇರೆ. ಬೋರ್‌ವೆಲ್ ನೀರು ಗಡಸು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿ ಅಪರೂಪವಲ್ಲ. ಹೀಗಾಗಿ ತಂಪು ಊರಿನವರು ಕೊಡುವ ಸಲಹೆಗಳನ್ನು ನಾವು ಇದ್ದಂತೆಯೇ ಪಾಲಿಸಿದರೆ ಮೀನುಗಳು ಉಳಿಯುವುದಿಲ್ಲ. ನಮ್ಮ ನೀರಿಗೂ ನಮ್ಮ ಬಿಸಿಲಿಗೂ ಹೊಂದುವ ಉತ್ತರಗಳನ್ನು ಇಲ್ಲಿ ಕೊಟ್ಟಿದ್ದೇನೆ. ಬೀದರ್, ಯಾದಗಿರಿಯವರಿಗೂ ಹೆಚ್ಚಿನವು ಉಪಯೋಗವಾಗುತ್ತವೆ.

ಎಷ್ಟು ದಿನಕ್ಕೊಮ್ಮೆ, ಎಷ್ಟು ನೀರು ಬದಲಿಸಬೇಕು?

ವಾರಕ್ಕೊಮ್ಮೆ, ಕಾಲು ಭಾಗ. ಇಷ್ಟನ್ನು ತಪ್ಪದೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಕಾಲು ಭಾಗ ಎಂದರೆ ಎಷ್ಟು ಎಂದು ತಿಳಿಯಲು ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. ಬಂದದ್ದು ಲೀಟರ್. ಹೆಚ್ಚಿನ ಮನೆಗಳಲ್ಲಿ ಇರುವ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಕಂಠಪೂರ್ತಿ ತುಂಬಿದರೆ ಸುಮಾರು 56 ಲೀಟರ್ ಹಿಡಿಯುತ್ತದೆ. ಕಲ್ಲು ಮತ್ತು ಮೇಲೆ ಬಿಟ್ಟ ಜಾಗವನ್ನು ಕಳೆದರೆ ನಿಜವಾದ ನೀರು 45ರಿಂದ 48 ಲೀಟರ್. ಅದರಲ್ಲಿ ಕಾಲು ಭಾಗ ಸುಮಾರು 12 ಲೀಟರ್, ಅಂದರೆ ಒಂದು ಬಕೆಟ್ ಕೂಡ ತುಂಬುವುದಿಲ್ಲ. ನೀರಿನ ಅಭಾವ ಇರುವ ಬಡಾವಣೆಯಲ್ಲೂ ವಾರಕ್ಕೆ ಇಷ್ಟನ್ನು ಹೊಂದಿಸಿಕೊಳ್ಳಬಹುದು.

ಗೋಲ್ಡ್‌ಫಿಶ್ ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುವ ಮೀನು. ಅದಿರುವ ತೊಟ್ಟಿಗೆ ವಾರಕ್ಕೆ ಮೂರನೇ ಒಂದು ಭಾಗ ಬೇಕು. ಗಿಡಗಳು ದಟ್ಟವಾಗಿದ್ದು ನಾಲ್ಕೈದು ಸಣ್ಣ ಮೀನುಗಳಷ್ಟೇ ಇದ್ದರೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಆದರೂ ನಡೆಯುತ್ತದೆ.

ಪೂರ್ತಿ ಖಾಲಿ ಮಾಡಿ ಚೆನ್ನಾಗಿ ತೊಳೆದರೆ ಇನ್ನೂ ಒಳ್ಳೆಯದಲ್ಲವೇ?

ಇಲ್ಲ. ಮನೆಗಳಲ್ಲಿ ಮೀನು ಸಾಯಲು ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ. ದಸರೆ, ದೀಪಾವಳಿ, ಯುಗಾದಿಗೆ ಮನೆ ತೊಳೆಯುವಾಗ ತೊಟ್ಟಿಯ ಸರದಿಯೂ ಬರುತ್ತದೆ. ಮೀನುಗಳನ್ನು ಬಕೆಟ್‌ಗೆ ಹಾಕುತ್ತಾರೆ, ಕಲ್ಲುಗಳನ್ನು ಸೋಪಿನ ಪುಡಿಯಲ್ಲಿ ತಿಕ್ಕುತ್ತಾರೆ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೂ ಹಿಂಡುತ್ತಾರೆ. ಸಂಜೆ ತೊಟ್ಟಿ ಥಳಥಳ ಹೊಳೆಯುತ್ತದೆ. ನಾಲ್ಕೈದು ದಿನದಲ್ಲಿ ಒಂದೊಂದೇ ಮೀನು ಮೇಲೆ ಬಂದು ತೇಲುತ್ತದೆ.

ಕಾರಣ ಇಷ್ಟು. ಮೀನಿನ ಕಿವಿರು ಮತ್ತು ಹೊಲಸಿನಿಂದ, ತಿನ್ನದೆ ಉಳಿದು ಕೊಳೆತ ಆಹಾರದಿಂದ ನೀರಿಗೆ ಅಮೋನಿಯ ಸೇರುತ್ತದೆ. ಅದು ಮೀನಿಗೆ ವಿಷ. ಸ್ಪಂಜಿನ ರಂಧ್ರಗಳಲ್ಲಿ, ಕಲ್ಲಿನ ಮೇಲೆ, ಗಾಜಿನ ಮೇಲೆ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಆ ಅಮೋನಿಯವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ನೈಟ್ರೈಟ್ ಕೂಡ ಅಪಾಯವೇ. ನೈಟ್ರೇಟ್ ಮಾತ್ರ ಮಿತಿಯಲ್ಲಿದ್ದರೆ ಮೀನು ತಾಳಿಕೊಳ್ಳುತ್ತದೆ, ಮತ್ತು ವಾರದ ನೀರು ಬದಲಾವಣೆಯಲ್ಲಿ ಅದು ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಎಲ್ಲವನ್ನೂ ಸೋಪು ಹಾಕಿ ತೊಳೆದರೆ ಒಂದೇ ಮಧ್ಯಾಹ್ನದಲ್ಲಿ ಅವು ನಾಶವಾಗುತ್ತವೆ. ಮೀನು ಎಂದಿನಂತೆ ಅಮೋನಿಯ ಬಿಡುತ್ತಲೇ ಇರುತ್ತದೆ, ಅದನ್ನು ಕರಗಿಸುವವರು ಯಾರೂ ಇರುವುದಿಲ್ಲ.

ಹಬ್ಬಕ್ಕೆ ತೊಟ್ಟಿ ಚೆನ್ನಾಗಿ ಕಾಣಬೇಕೆಂದಿದ್ದರೆ ಮುಂಭಾಗದ ಗಾಜನ್ನು ಒರೆಸಿ, ಎಂದಿನಂತೆ ಕಾಲು ಭಾಗ ನೀರು ಬದಲಿಸಿ. ಸೋಪು, ಫಿನಾಯಿಲ್, ಪಾತ್ರೆ ತೊಳೆಯುವ ದ್ರವ ಯಾವುದೂ ತೊಟ್ಟಿಯ ಹತ್ತಿರ ಬರಬಾರದು. ತೊಟ್ಟಿಗೆ ಬಳಸುವ ಬಕೆಟ್ ಕೂಡ ಬೇರೆಯೇ ಇರಲಿ.

ನೀರು ತಿಳಿಯಾಗಿಯೇ ಇದೆ. ಆದರೂ ಬದಲಿಸಬೇಕೇ?

ಬದಲಿಸಬೇಕು. ಅಮೋನಿಯಕ್ಕೂ ನೈಟ್ರೇಟಿಗೂ ಬಣ್ಣವಿಲ್ಲ. ಕಣ್ಣಿಗೆ ಶುದ್ಧವಾಗಿ ಕಾಣುವ ನೀರಿನಲ್ಲೇ ಮೀನು ಒದ್ದಾಡುತ್ತಿರಬಹುದು.

ನಮ್ಮ ಕಡೆಗೆ ಇದು ಇನ್ನಷ್ಟು ಮುಖ್ಯ. ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ; 7 ಎಂದರೆ ಸಮ, ಅದಕ್ಕಿಂತ ಹೆಚ್ಚಾದರೆ ಕ್ಷಾರ) ಮತ್ತು ಉಷ್ಣತೆ ಏರಿದಷ್ಟೂ ಅಮೋನಿಯದ ವಿಷ ತೀವ್ರವಾಗುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದಲ್ಲಿರುವುದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದೇ ಶೇ. 5 ದಾಟುತ್ತದೆ, ಬಿಸಿಯೂ ಸೇರಿದರೆ ಮತ್ತೂ ಏರುತ್ತದೆ. ಗಡಸು ಬೋರ್ ನೀರು ಸಾಮಾನ್ಯವಾಗಿ ಪಿಎಚ್ 7.5ರಿಂದ 8.5ರ ನಡುವೆ ಇರುತ್ತದೆ. ಆದ್ದರಿಂದ ಬೇರೆ ಊರಿನಲ್ಲಿ ಮೀನು ತಾಳಿಕೊಳ್ಳುವಷ್ಟು ಅಮೋನಿಯ ಕಲಬುರಗಿಯ ಮೇ ತಿಂಗಳಲ್ಲಿ ಅದನ್ನು ಕೊಲ್ಲಬಲ್ಲದು.

ಅಕ್ವೇರಿಯಂ ಅಂಗಡಿಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಸಿಗುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ 20 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗಿದ್ದರೆ ಉತ್ತಮ, 40 ದಾಟಿದರೆ ನೀರು ಬದಲಿಸಲು ತಡ ಮಾಡಬೇಡಿ. ಟಿಡಿಎಸ್ ಮೀಟರ್ ಲವಣಾಂಶವನ್ನು ತೋರಿಸುತ್ತದೆಯೇ ಹೊರತು ಅಮೋನಿಯವನ್ನಲ್ಲ.

ನಲ್ಲಿ ನೀರನ್ನು ನೇರವಾಗಿ ಸುರಿಯಬಹುದೇ?

ಬೇಡ. ಭೀಮಾ ನದಿಯಿಂದ ಬರಲಿ, ಬೆಣ್ಣೆತೊರೆ ಜಲಾಶಯದಿಂದ ಬರಲಿ, ನಗರಕ್ಕೆ ಪೂರೈಸುವ ನೀರಿಗೆ ಕ್ಲೋರಿನ್ ಸೇರಿರುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಹಿಡಿದು 24 ಗಂಟೆ ತೆರೆದಿಡಿ. ಏರ್ ಪಂಪಿನ ಕಲ್ಲನ್ನು ಅದರೊಳಗೆ ಬಿಟ್ಟರೆ ಕ್ಲೋರಿನ್ ಬೇಗ ಹೋಗುತ್ತದೆ. ತುರ್ತಿದ್ದರೆ ಸೋಡಿಯಂ ಥಯೋಸಲ್ಫೇಟ್ ಇರುವ ಆಂಟಿ ಕ್ಲೋರಿನ್ ದ್ರಾವಣವನ್ನು ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲಿ ಹಾಕಿದರೆ ಕೆಲವೇ ನಿಮಿಷ ಸಾಕು.

ಮನೆಯ ಸಂಪಿಗೋ ಮಾಳಿಗೆಯ ಟ್ಯಾಂಕಿಗೋ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಆ ನೀರನ್ನು ತೊಟ್ಟಿಗೆ ಬಳಸಲೇಬೇಡಿ. ಮಳೆಗಾಲದಲ್ಲಿ ನಲ್ಲಿ ನೀರು ಕೆಂಪಾಗಿ ಬಂದರೆ ಎರಡು ದಿನ ಕದಲಿಸದೆ ಇಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಕುಡಿಯುವ ನೀರಿಗೆ ಆಡಿಸುವಂತೆ ಪಟಿಕ ಆಡಿಸಬೇಡಿ, ಅದು ಪಿಎಚ್ ಅನ್ನು ಏರುಪೇರು ಮಾಡುತ್ತದೆ.

ನಮ್ಮ ಮನೆಯಲ್ಲಿ ಬೋರ್ ನೀರು ಮಾತ್ರ ಇದೆ. ಮೀನು ಸಾಕಲು ಸಾಧ್ಯವೇ?

ಖಂಡಿತ ಸಾಧ್ಯ. ನೀರನ್ನು ಮೀನಿಗೆ ತಕ್ಕಂತೆ ಬದಲಿಸಲು ಹೆಣಗುವ ಬದಲು ನೀರಿಗೆ ತಕ್ಕ ಮೀನನ್ನು ಆರಿಸಿಕೊಳ್ಳಿ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಗಡಸು ನೀರನ್ನು ಇಷ್ಟಪಡುವ ಮೀನುಗಳು, ನಮ್ಮ ಬೋರ್ ನೀರಿನಲ್ಲಿ ಮರಿಗಳನ್ನೂ ಹಾಕುತ್ತವೆ. ನಿಯಾನ್ ಟೆಟ್ರಾ, ಡಿಸ್ಕಸ್ ಮೆದು ನೀರಿನವು. ಅಂಗಡಿಯಲ್ಲಿ ಎಷ್ಟೇ ಚಂದ ಕಂಡರೂ ಬೋರ್ ನೀರಿನ ಮನೆಗೆ ತರಬೇಡಿ.

ಬೋರ್ ನೀರಿಗೆ ಕ್ಲೋರಿನ್ ಭಯವಿಲ್ಲ, ಆದರೆ ನೆಲದಾಳದಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಒಂದು ರಾತ್ರಿ ತೆರೆದಿಟ್ಟು, ಚೊಂಬಿನಿಂದ ನಾಲ್ಕಾರು ಸಲ ಎತ್ತಿ ಸುರಿದು ನಂತರ ಬಳಸಿ. ಒಂದು ವಾರ ನಲ್ಲಿ ನೀರು, ಮುಂದಿನ ವಾರ ಬೋರ್ ನೀರು, ಮತ್ತೊಂದು ವಾರ ಟ್ಯಾಂಕರ್ ನೀರು ಎಂದು ಬದಲಾಯಿಸುತ್ತಿದ್ದರೆ ಮೀನು ಯಾವುದಕ್ಕೂ ಒಗ್ಗುವುದಿಲ್ಲ. ಮೂಲ ಬದಲಾಗುವುದು ಅನಿವಾರ್ಯವಾದರೆ ಒಂದೊಂದು ಸಲ ಹತ್ತನೇ ಒಂದು ಭಾಗದಷ್ಟೇ ಬದಲಿಸುತ್ತಾ ಹೋಗಿ.

ಆರ್‌ಒ ನೀರು ಹಾಕಿದರೆ?

ಬರೀ ಆರ್‌ಒ ನೀರು ಬೇಡ. ಮೀನಿಗೆ ಬೇಕಾದ ಖನಿಜಗಳು ಅದರಲ್ಲಿ ಉಳಿದಿರುವುದಿಲ್ಲ, ಪಿಎಚ್ ಕೂಡ ನಿಲ್ಲುವುದಿಲ್ಲ. ಬೋರ್ ನೀರು ತೀರಾ ಗಡಸಾಗಿದ್ದರೆ ಅರ್ಧಕ್ಕರ್ಧ ಬೆರೆಸಿ, ಪ್ರತಿ ವಾರ ಅದೇ ಪ್ರಮಾಣವನ್ನು ಉಳಿಸಿಕೊಳ್ಳಿ. ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನಂತೂ ತೊಟ್ಟಿಗೆ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಆವಿಯಾಗಿ ಇಳಿದಷ್ಟು ನೀರನ್ನು ಆಗಾಗ ತುಂಬುತ್ತೇವೆ. ಅದು ಸಾಲದೇ?

ಸಾಲದು. ಆವಿಯಾಗಿ ಹೋಗುವುದು ನೀರು ಮಾತ್ರ. ಲವಣ, ಸುಣ್ಣ, ನೈಟ್ರೇಟ್ ಎಲ್ಲವೂ ತೊಟ್ಟಿಯಲ್ಲೇ ಉಳಿಯುತ್ತವೆ. ಅದರ ಮೇಲೆ ಮತ್ತೆ ಬೋರ್ ನೀರನ್ನೇ ತುಂಬಿದರೆ ಗಡಸು ತಿಂಗಳಿಂದ ತಿಂಗಳಿಗೆ ಏರುತ್ತಲೇ ಹೋಗುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ವಾರಕ್ಕೆ ಎರಡು ಬೆರಳಿನಷ್ಟು ನೀರು ಇಳಿಯುವುದು ಸಾಮಾನ್ಯ. ಆ ಕೊರತೆಯನ್ನು ತುಂಬಲು ಆರ್‌ಒ ನೀರು ಬಹಳ ಒಳ್ಳೆಯದು. ವಾರದ ಕಾಲು ಭಾಗದ ಬದಲಾವಣೆ ಅದರ ಹೊರತಾಗಿ ಆಗಲೇಬೇಕು.

ಅಲಂಕಾರಕ್ಕೆ ಶಹಾಬಾದ್ ಪರಸಿಯ ತುಂಡುಗಳನ್ನು ಇಡಬಹುದೇ?

ಈ ಪ್ರಶ್ನೆ ನಮ್ಮ ಜಿಲ್ಲೆಯವರು ಕೇಳಲೇಬೇಕಾದದ್ದು, ಏಕೆಂದರೆ ನೆಲಕ್ಕೆ ಹಾಸುವ ಈ ಪರಸಿ ಕಲ್ಲು ಎಲ್ಲರ ಅಂಗಳದಲ್ಲೂ ಬಿದ್ದಿರುತ್ತದೆ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಭಾಗದ ನೆಲದಡಿ ಇರುವುದು ಸುಣ್ಣಕಲ್ಲು. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕಾಗಿಯೇ. ಪರಸಿಯೂ ಸುಣ್ಣಕಲ್ಲೇ. ನೀರಿನಲ್ಲಿ ಮುಳುಗಿದರೆ ಅದು ನಿಧಾನವಾಗಿ ಕರಗಿ ಗಡಸನ್ನೂ ಪಿಎಚ್ ಅನ್ನೂ ಏರಿಸುತ್ತದೆ. ಮೊದಲೇ ಗಡಸಾಗಿರುವ ನೀರಿಗೆ ಅದು ಬೇಡ.

ಯಾವುದೇ ಕಲ್ಲನ್ನು ತೊಟ್ಟಿಗೆ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ಕಲ್ಲನ್ನು ತೊಳೆದು ಒಣಗಿಸಿ, ಒಂದು ಮೂಲೆಯನ್ನು ಮೊಳೆಯಿಂದ ಕೆರೆದು, ಕೆರೆದ ಜಾಗಕ್ಕೆ ವಿನೆಗರ್‌ನ ನಾಲ್ಕು ಹನಿ ಬಿಡಿ. ಸುಣ್ಣಕಲ್ಲಾದರೆ ಹನಿಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಕಿವಿ ಹತ್ತಿರ ಹಿಡಿದರೆ ಚುಂಯ್ ಎನ್ನುವ ಸದ್ದೂ ಕೇಳಬಹುದು. ಗುಳ್ಳೆ ಏಳದ ಕಪ್ಪು ಬಸಾಲ್ಟ್ ಕಲ್ಲು ಕಲಬುರಗಿ ಸುತ್ತಲೂ ಸಿಗುತ್ತದೆ. ಕುದಿಯುವ ನೀರು ಸುರಿದು ತಿಕ್ಕಿ ತೊಳೆದು ಅದನ್ನೇ ಬಳಸಿ.

ನೀರು ಬದಲಿಸುವ ದಿನ ಯಾವುದರ ನಂತರ ಯಾವುದು?

ಬೆಳಿಗ್ಗೆ ಮಾಡಿ, ಆಗ ನೀರು ತಂಪಾಗಿರುತ್ತದೆ. ಮೊದಲು ಎಲ್ಲ ವಿದ್ಯುತ್ ಪ್ಲಗ್‌ಗಳನ್ನು ಕಿತ್ತು ಆಮೇಲೆ ಕೈ ಒಳಗೆ ಹಾಕಿ. ಇದರಲ್ಲಿ ರಾಜಿ ಇಲ್ಲ. ಹೀಟರ್ ಇದ್ದರೆ ಪ್ಲಗ್ ಕಿತ್ತು ಕಾಲು ಗಂಟೆ ಕಾಯಬೇಕು. ಬಿಸಿಯಾದ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಸೀಳುತ್ತದೆ. ಮೀನುಗಳನ್ನು ಹೊರಗೆ ತೆಗೆಯುವುದು ಬೇಡ, ಬಲೆಯಲ್ಲಿ ಅಟ್ಟಾಡಿಸುವುದೇ ಅವಕ್ಕೆ ದೊಡ್ಡ ಹಿಂಸೆ.

ಗಾಜಿನ ಒಳಭಾಗವನ್ನು ಹೊಸ ಸ್ಪಂಜಿನಿಂದ ಒರೆಸಿ. ಉದುರಿದ ಪಾಚಿ ಕೆಳಗೆ ಇಳಿಯಲು ಐದು ನಿಮಿಷ ಬಿಡಿ. ಆಮೇಲೆ ಸೈಫನ್ ಪೈಪ್. ಬಾಯಿಯಿಂದ ಎಳೆಯಬೇಡಿ. ಪೈಪನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಗಾಳಿ ಹೊರಗೆ ಹೋದ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಕೆಳಗಿಟ್ಟ ಬಕೆಟ್‌ಗೆ ಇಳಿಸಿ ಬೆರಳು ತೆಗೆದರೆ ನೀರು ತಾನೇ ಹರಿಯುತ್ತದೆ. ತೊಟ್ಟಿಯೊಳಗಿರುವ ಪೈಪಿನ ಅಗಲವಾದ ಬಾಯಿಯನ್ನು ತಳದ ಹರಳುಗಳೊಳಗೆ ಒತ್ತಿ ಹಿಡಿಯಿರಿ. ಹರಳುಗಳು ಕೊಳವೆಯೊಳಗೆ ಎದ್ದು ಉರುಳಾಡುತ್ತವೆ, ಅವುಗಳ ನಡುವೆ ಕೂತಿದ್ದ ಕಂದು ಹುಡಿ ಬಿಡಿಸಿಕೊಂಡು ಪೈಪಿನಲ್ಲಿ ಮೇಲೇರುತ್ತದೆ. ಕೊಳವೆ ತಿಳಿಯಾದ ಕೂಡಲೇ ಎತ್ತಿ ಪಕ್ಕದ ಜಾಗಕ್ಕೆ ಹೋಗಿ. ಒಂದು ವಾರ ಎಡಗಡೆ, ಮುಂದಿನ ವಾರ ಬಲಗಡೆ ಎಂದು ಅರ್ಧರ್ಧ ಮಾಡಿದರೆ ಸಾಕು. ಒಂದೇ ದಿನ ತಳವನ್ನೆಲ್ಲ ಕೆದಕಬೇಡಿ.

ಕಾಲು ಭಾಗ ಇಳಿದ ಮೇಲೆ ನಿಲ್ಲಿಸಿ. ಹೊಸ ನೀರಿಗೂ ಹಳೆಯ ನೀರಿಗೂ ಉಷ್ಣತೆಯಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ತಟ್ಟೆಯನ್ನು ಒಳಗಿಟ್ಟು ಅದರ ಮೇಲೆ ಚೊಂಬಿನಿಂದ ನಿಧಾನವಾಗಿ ಸುರಿಯಿರಿ, ತಳ ಕದಡುವುದಿಲ್ಲ. ಎಲ್ಲವೂ ಮುಗಿದ ಮೇಲೆ ಪ್ಲಗ್ ಹಾಕಿ, ಫಿಲ್ಟರ್ ನೀರು ಎಳೆಯುತ್ತಿದೆಯೇ ಎಂದು ನೋಡಿ.

ಫಿಲ್ಟರ್ ಸ್ಪಂಜನ್ನು ಯಾವಾಗ, ಹೇಗೆ ತೊಳೆಯಬೇಕು?

ನೀರಿನ ಹರಿವು ಕಡಿಮೆಯಾದಾಗ, ಸುಮಾರು ಮೂರು ನಾಲ್ಕು ವಾರಕ್ಕೊಮ್ಮೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದ್ದಿ ಎರಡು ಮೂರು ಸಲ ಹಿಂಡಿ. ಅದು ಕಂದಾಗಿಯೇ ಉಳಿಯಲಿ, ಆ ಕಂದಿನಲ್ಲೇ ಬ್ಯಾಕ್ಟೀರಿಯಾ ಇರುವುದು. ಕರೆಂಟ್ ಬಹಳ ಹೊತ್ತು ಹೋಗಿ ಬಂದರೆ, ಮುಚ್ಚಿದ ಡಬ್ಬಿಯಂಥ ಫಿಲ್ಟರಿನೊಳಗಿನ ನೀರು ಕೊಳೆತು ನಾರುತ್ತದೆ. ಅದನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿದ ನಂತರವೇ ಚಾಲು ಮಾಡಿ.

ಬೇಸಿಗೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಏನು ಮಾಡಬೇಕು?

ಅವಕ್ಕೆ ಉಸಿರು ಸಾಲುತ್ತಿಲ್ಲ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ, 35ಕ್ಕೆ 7ರ ಆಸುಪಾಸು. ಬಿಸಿಯಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ತಕ್ಷಣ ಏರ್ ಪಂಪ್ ಹಾಕಿ, ಕಾಲು ಭಾಗ ನೀರು ಬದಲಿಸಿ, ಆ ದಿನ ಆಹಾರ ನಿಲ್ಲಿಸಿ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರು ಕೈಯಿಡಲಾಗದಷ್ಟು ಸುಡುತ್ತದೆ. ಅದನ್ನು ತೊಟ್ಟಿಗೆ ಸುರಿದರೆ ಮೀನು ಅಲ್ಲೇ ಸಾಯುತ್ತದೆ. ಬೇಸಿಗೆಯಲ್ಲಿ ನೀರನ್ನು ಹಿಂದಿನ ದಿನವೇ ಹಿಡಿದು ಮನೆಯೊಳಗಿನ ನೆರಳಲ್ಲಿ ಇಡಿ.

ತೊಟ್ಟಿಯನ್ನು ತಂಪು ಮಾಡಲು ನಮ್ಮ ಹವೆಯಲ್ಲಿ ಫ್ಯಾನಿಗಿಂತ ಒಳ್ಳೆಯ ಉಪಾಯವಿಲ್ಲ. ಮುಚ್ಚಳ ತೆಗೆದು, ಮೀನು ಹಾರದಂತೆ ಜಾಲರಿ ಹಾಸಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ತಾಗುವಂತೆ ಇಡಿ. ಮನೆಯ ಏರ್ ಕೂಲರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಗಾಳಿ ಒಣಗಿರುವುದರಿಂದ ನೀರು ಬೇಗ ಆವಿಯಾಗಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಐಸ್ ತುಂಡುಗಳನ್ನು ನೇರವಾಗಿ ಹಾಕಬೇಡಿ. ಬೇಕಿದ್ದರೆ ಮುಚ್ಚಿದ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ತೇಲಿಬಿಟ್ಟು, ಉಷ್ಣತೆ ನಿಧಾನವಾಗಿ ಇಳಿಯುವಂತೆ ನೋಡಿಕೊಳ್ಳಿ. ತಂಪು ನೀರಿನ ಮೀನಾದ ಗೋಲ್ಡ್‌ಫಿಶ್ ಅನ್ನು ಬೇಸಿಗೆಯ ಹೊಸ್ತಿಲಲ್ಲಿ ಹೊಸದಾಗಿ ತರಬೇಡಿ. ಕರೆಂಟ್ ಹೋಗುವ ಬಡಾವಣೆಯಲ್ಲಿದ್ದರೆ ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ.

ಚಳಿಗಾಲದಲ್ಲಿ ಹೀಟರ್ ಬೇಕೇ?

ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಬೇಕು, ಬೀದರ್‌ನಲ್ಲಂತೂ ಖಂಡಿತ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ 50 ಲೀಟರಿಗೆ 50 ವ್ಯಾಟ್. ಗೋಲ್ಡ್‌ಫಿಶ್‌ಗೆ ಬೇಡ.

ಗಾಜಿನ ಮೇಲಿನ ಬಿಳಿ ಗೆರೆ ಹೋಗುವುದೇ ಇಲ್ಲ. ಹಸಿರು ಪಾಚಿಯೂ ಬಿಡುತ್ತಿಲ್ಲ.

ಬಿಳಿ ಗೆರೆ ಗಡಸು ನೀರಿನ ಸುಣ್ಣ. ನೀರು ಬದಲಿಸುವಾಗ ಮಟ್ಟ ಇಳಿದಿರುತ್ತದಲ್ಲ, ಆಗ ನಿಂಬೆರಸ ಅಥವಾ ವಿನೆಗರ್ ಅದ್ದಿ ಹಿಂಡಿದ ಬಟ್ಟೆಯನ್ನು ಗೆರೆಯ ಮೇಲೆ ಐದು ನಿಮಿಷ ಅಂಟಿಸಿ, ಒರೆಸಿ, ಒದ್ದೆ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಹನಿಗಳು ನೀರಿಗೆ ಬೀಳದಿರಲಿ.

ಪಾಚಿ ಬೆಳಕಿನ ಫಲ. ಕಿಟಕಿಯ ಬಿಸಿಲು ತೊಟ್ಟಿಗೆ ಬೀಳದಂತೆ ಮಾಡಿ, ಲೈಟನ್ನು ದಿನಕ್ಕೆ ಆರರಿಂದ ಎಂಟು ಗಂಟೆಗೆ ಮಿತಿಗೊಳಿಸಿ, ಆಹಾರ ಕಡಿಮೆ ಮಾಡಿ. ಪಾಚಿ ತಿನ್ನಲೆಂದು ಅಂಗಡಿಯವರು ಕೊಡುವ ಸಕರ್ ಮೀನನ್ನು ನಾನು ಸೂಚಿಸುವುದಿಲ್ಲ. ಬೆರಳುದ್ದ ಇರುವಾಗ ತರುವ ಅದು ಒಂದು ಅಡಿಗೂ ಹೆಚ್ಚು ಬೆಳೆಯುತ್ತದೆ. ತಿನ್ನುವ ಪಾಚಿಗಿಂತ ಮಾಡುವ ಹೊಲಸೇ ಜಾಸ್ತಿ.

ಪ್ರತಿ ಸಲ ನೀಲಿ ಔಷಧ ಹಾಕಬೇಕೇ?

ಬೇಡ. ಅದು ಮೆಥಿಲೀನ್ ಬ್ಲೂ. ಶಿಲೀಂಧ್ರದ ಸೋಂಕಿನಂಥ ಕಾಯಿಲೆಗೆ, ಬೇರೆ ಪಾತ್ರೆಯಲ್ಲಿ ಮೀನನ್ನು ಇಟ್ಟು ಕೊಡಬೇಕಾದ ಔಷಧ. ತೊಟ್ಟಿಗೆ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಗಿಡಗಳಿಗೂ ಹಾನಿ, ಗಾಜಿನ ಮೂಲೆಯ ಸಿಲಿಕಾನ್‌ಗೂ ಹೋಗದ ಕಲೆ.

ನೀರು ಬದಲಿಸಿದ ಮರುದಿನ ತೊಟ್ಟಿ ಹಾಲಿನಂತೆ ಮಸುಕಾಯಿತು. ಮತ್ತೆ ಎಲ್ಲ ನೀರು ತೆಗೆಯಲೇ?

ತೆಗೆಯಬೇಡಿ. ಹೊಸ ತೊಟ್ಟಿಯಲ್ಲಿ ಅಥವಾ ಅತಿಯಾಗಿ ತೊಳೆದ ತೊಟ್ಟಿಯಲ್ಲಿ ನೀರಿನಲ್ಲೇ ತೇಲುವ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ ಹೀಗಾಗುತ್ತದೆ. ಏರ್ ಪಂಪ್ ಹಗಲೂ ರಾತ್ರಿಯೂ ನಡೆಯಲಿ, ಆಹಾರ ಅರ್ಧ ಮಾಡಿ, ದಿನ ಬಿಟ್ಟು ದಿನ ಹತ್ತನೇ ಒಂದು ಭಾಗ ಬದಲಿಸಿ. ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತದೆ.

ಸೊಳ್ಳೆಗೆ ಸ್ಪ್ರೇ ಹೊಡೆದರೆ ಮೀನಿಗೆ ತೊಂದರೆಯೇ?

ತುಂಬಾ. ಸೊಳ್ಳೆ ಸ್ಪ್ರೇ ಮತ್ತು ದ್ರವ ತುಂಬಿದ ಯಂತ್ರಗಳಲ್ಲಿ ಇರುವ ಪೈರೆಥ್ರಾಯ್ಡ್ ರಾಸಾಯನಿಕಗಳು ಮನುಷ್ಯರಿಗಿಂತ ಮೀನಿಗೆ ಹಲವು ಪಟ್ಟು ಹೆಚ್ಚು ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿನೊಳಗೆ ಬಿಡುತ್ತದೆ ಎಂಬುದನ್ನು ಮರೆಯಬೇಡಿ. ತೊಟ್ಟಿಯಿರುವ ಕೋಣೆಯಲ್ಲಿ ಅವುಗಳನ್ನು ಬಳಸದೆ ಸೊಳ್ಳೆ ಪರದೆ ಕಟ್ಟಿ. ಬೀದಿಯಲ್ಲಿ ಹೊಗೆ ಹೊಡೆಯುವ ಗಾಡಿ ಬಂದಾಗ ಕಿಟಕಿ ಮುಚ್ಚಿ, ಪಂಪ್ ನಿಲ್ಲಿಸಿ, ತೊಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ. ಹೊಗೆ ಪೂರ್ತಿ ಹೋದ ಮೇಲೆ ಬಟ್ಟೆ ತೆಗೆದು ಪಂಪ್ ಹಾಕಿ.

ಒಂದು ವಾರ ಊರಿಗೆ ಹೋಗುತ್ತಿದ್ದೇವೆ.

ಹೊರಡುವ ಎರಡು ಮೂರು ದಿನ ಮೊದಲೇ ನೀರು ಬದಲಿಸಿ, ಹೊರಡುವ ದಿನವೇ ಏನನ್ನೂ ಕದಲಿಸಬೇಡಿ. ಆರೋಗ್ಯವಾಗಿರುವ ದೊಡ್ಡ ಮೀನುಗಳು ಐದಾರು ದಿನ ಆಹಾರವಿಲ್ಲದೆ ಇರಬಲ್ಲವು. ನೆರೆಯವರಿಗೆ ಒಪ್ಪಿಸುವುದಾದರೆ ಒಂದೊಂದು ದಿನದ ಆಹಾರವನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಡಿ. ಡಬ್ಬಿಯನ್ನೇ ಕೊಟ್ಟರೆ ಪ್ರೀತಿಯಿಂದ ಹೆಚ್ಚು ಹಾಕುತ್ತಾರೆ, ಉಳಿದದ್ದು ಕೊಳೆಯುತ್ತದೆ.

ತೆಗೆದ ನೀರನ್ನು ಏನು ಮಾಡಬೇಕು?

ಗಿಡಗಳಿಗೆ ಹಾಕಿ. ನೈಟ್ರೇಟ್ ಇರುವ ಈ ನೀರು ಕರಿಬೇವಿಗೂ ದಾಸವಾಳಕ್ಕೂ ಗೊಬ್ಬರ. ಉಪ್ಪು ಅಥವಾ ಔಷಧ ಹಾಕಿದ ನೀರಾದರೆ ಬಚ್ಚಲಿಗೆ ಚೆಲ್ಲಿ.

ತೊಟ್ಟಿ ತೆಗೆಯಬೇಕೆಂದಿದ್ದೇವೆ. ಮೀನುಗಳನ್ನು ಅಪ್ಪನ ಕೆರೆಗೆ ಬಿಡಬಹುದೇ?

ದಯವಿಟ್ಟು ಬಿಡಬೇಡಿ. ಸಾಕಿದ ಜೀವಕ್ಕೆ ಬಿಡುಗಡೆ ಕೊಡುತ್ತಿದ್ದೇವೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಜನ ಹೀಗೆ ಮಾಡುತ್ತಾರೆ. ಆದರೆ ಬಣ್ಣದ ಮೀನುಗಳಲ್ಲಿ ಹಲವು ಅಲ್ಲಿ ಬದುಕುವುದಿಲ್ಲ, ಬದುಕಿದವು ಕೆರೆಯನ್ನು ಹಾಳು ಮಾಡುತ್ತವೆ. ದಕ್ಷಿಣ ಅಮೆರಿಕ ಮೂಲದ ಸಕರ್ ಮೀನು ದೇಶದ ಎಷ್ಟೋ ಕೆರೆ, ನದಿಗಳನ್ನು ಹೀಗೆಯೇ ಸೇರಿಕೊಂಡು, ಮೀನುಗಾರರ ಬಲೆ ಹರಿಯುತ್ತಾ, ನಮ್ಮ ನೆಲದ ಮೀನುಗಳ ಆಹಾರವನ್ನು ಕಸಿಯುತ್ತಿದೆ. ಭೀಮೆಗೂ ಬೇಡ, ಬೆಣ್ಣೆತೊರೆಗೂ ಬೇಡ, ಬಾವಿಗೂ ಬೇಡ. ಅಕ್ವೇರಿಯಂ ಅಂಗಡಿಯವರನ್ನು ಕೇಳಿ, ಹಲವರು ಮರಳಿ ಪಡೆಯುತ್ತಾರೆ. ಇಲ್ಲವೇ ಮೀನು ಸಾಕುವ ಇನ್ನೊಂದು ಮನೆಗೆ ಕೊಡಿ. ಫಿಲ್ಟರ್ ಸ್ಪಂಜನ್ನು ಒಣಗಲು ಬಿಡದೆ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ಅವರಿಗೆ ಕೊಟ್ಟರೆ, ಮೀನುಗಳ ಜೊತೆಗೆ ಬ್ಯಾಕ್ಟೀರಿಯಾವೂ ಹೊಸ ಮನೆ ಸೇರುತ್ತದೆ.